ತುಂಬದ ಗುಂಡಿ

ಪಾಯಿಖಾನೆ ಗುಂಡಿ ತುಂಬಿದ ದಿನ ಮನೆಯವರ ಮುಖ ನೋಡಬೇಕು. ಖಾಲಿ ಮಾಡುವ ಗಾಡಿಯವನಿಗೆ ಫೋನು ಮಾಡಿದರೆ ಅವನು ಇವತ್ತು, ನಾಳೆ ಅನ್ನುತ್ತಾನೆ. ಅಷ್ಟರಲ್ಲಿ ಬೀದಿಯವರು ಮೂಗು ಮುಚ್ಚಿಕೊಂಡು ಓಡಾಡುತ್ತಾರೆ. ಬಂದ ನೆಂಟರು ಊಟಕ್ಕೂ ನಿಲ್ಲದೆ ಹೊರಟುಬಿಡುತ್ತಾರೆ. ಈ ಕಷ್ಟ ಎಲ್ಲ ಊರಲ್ಲೂ ಇದೆ. ಆದರೆ ಗುಡ್ಡದ ಮೇಲಿನ ಈ ಊರಲ್ಲಿ ಕೆಲವು ಮನೆಗಳಿಗೆ ಇದರ ಗೊಡವೆಯೇ ಇರಲಿಲ್ಲ. ಅವರ ಗುಂಡಿ ತುಂಬುತ್ತಲೇ ಇರಲಿಲ್ಲ.

ಸೋಪು ಮಾಡುವ ಯಜಮಾನರ ಮನೆ ಅಂಥದ್ದು. ಮನೆಯ ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ತಗಡಿನ ಸೂರು. ಸೂರಿನ ಕೆಳಗೆ ಎಣ್ಣೆ ಕಾಯಿಸುವ ದೊಡ್ಡ ಕೊಪ್ಪರಿಗೆ, ಸೋಪು ಹೆಪ್ಪುಗಟ್ಟಲು ಮರದ ಅಚ್ಚು, ಕತ್ತರಿಸಲು ತಂತಿ. ಅವರ ಸೋಪಿಗೆ ಹಾಕುವುದು ನಿಂಬೆಹುಲ್ಲಿನ ಎಣ್ಣೆ. ಆ ಮನೆಯ ಗೋಡೆ, ಹಾಸಿಗೆ, ಮಗಳ ಪುಸ್ತಕ, ಕಡೆಗೆ ಡಬ್ಬಿಯಲ್ಲಿಟ್ಟ ಸಕ್ಕರೆಗೂ ಅದೇ ವಾಸನೆ. ಊರಿನವರು ಯಜಮಾನರ ಹೆಂಡತಿಯನ್ನು ಸೋಪಿನಮ್ಮ ಎಂದೇ ಕರೆಯುತ್ತಿದ್ದರು.

ಮನೆ ಕಟ್ಟುವಾಗ ಹಿತ್ತಲಲ್ಲಿ ಗುಂಡಿ ತೋಡಿದ್ದರು. ಆಳಕ್ಕೆ ಇಳಿದ ಮೇಲೆ ಸುಣ್ಣದ ಕಲ್ಲಿನ ಬಂಡೆ ಸಿಕ್ಕಿತು. ಬಂಡೆ ಒಡೆಯುತ್ತಿದ್ದ ಮೇಸ್ತ್ರಿಯ ಕೈಯಿಂದ ಹಾರೆ ಜಾರಿ, ಒಂದು ಬಿರುಕಿನೊಳಗೆ ನುಗ್ಗಿ, ಠಣ್ ಠಣ್ ಎಂದು ಕೆಳಗೆ ಕೆಳಗೆ ಹೋಗಿ ಎಲ್ಲೋ ಸದ್ದಡಗಿತು. ಹಾರೆ ಹೋಯಿತೆಂದು ಮೇಸ್ತ್ರಿ ಕೊರಗಲಿಲ್ಲ. ಮೇಲೆ ನಿಂತವರ ಕಡೆ ತಲೆಯೆತ್ತಿ ನಕ್ಕ.

"ಪುಣ್ಯವಂತರು ಬಿಡಿ ನೀವು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಈ ಗುಂಡಿ ತುಂಬಲ್ಲ."

ಯಜಮಾನರು ಅವನಿಗೆ ಹೊಸ ಹಾರೆ ಕೊಡಿಸಿದರು, ಬೀದಿಗೆಲ್ಲ ಸಿಹಿ ಹಂಚಿದರು. ಮೇಸ್ತ್ರಿಯ ಮಾತು ನಿಜವಾಯಿತು. ವರ್ಷಗಳು ಉರುಳಿದರೂ ಗುಂಡಿ ತುಂಬಲಿಲ್ಲ. ಪಾಯಿಖಾನೆಯದ್ದೂ ಅಲ್ಲಿಗೇ, ಕೊಪ್ಪರಿಗೆ ತೊಳೆದ ನೀರೂ ಅಲ್ಲಿಗೇ. ಪಕ್ಕದ ಬೇಕರಿಯವರು ಕೈಕಾಲು ಹಿಡಿದು ಕೇಳಿಕೊಂಡು ತಮ್ಮ ಮನೆಯ ಪೈಪನ್ನೂ ಅದಕ್ಕೇ ಸೇರಿಸಿದರು. ಬೀದಿಯಲ್ಲಿ ಯಾರಾದರೂ ಮನೆ ಮಾರುವುದಾದರೆ, ಕೊಳ್ಳುವವರು ಮೊದಲು ಕೇಳುತ್ತಿದ್ದುದು ಗಾಳಿ ಬೆಳಕನ್ನಲ್ಲ. ಗುಂಡಿ ತುಂಬುತ್ತಾ, ಇಲ್ವಾ ಅಂತ.

ಯಜಮಾನರಿಗೆ ಒಬ್ಬಳೇ ಮಗಳು. ಅವಳನ್ನು ಅವರು ಕರೆಯುತ್ತಿದ್ದುದು ಗುಬ್ಬಿ ಎಂದು. ಗುಬ್ಬಿಯ ಮದುವೆಯ ಮಾತಿಗೆ ಹುಡುಗನ ಕಡೆಯವರು ಬಂದಾಗ ಇವರು ಹುಡುಗಿಗಿಂತ ಮೊದಲು ಗುಂಡಿ ತೋರಿಸಿದರು ಎಂದು ಬೇಕರಿಯವರು ಇವತ್ತಿಗೂ ನಗುತ್ತಾರೆ. ಹುಡುಗನ ಊರು ಗುಡ್ಡದ ಆಚೆ ಬದಿಯ ಬುಡದಲ್ಲಿ. ಗುಡ್ಡ ಸುತ್ತಿಕೊಂಡು ಹೋಗುವ ಬಸ್ಸನ್ನು ಬೆಳಗ್ಗೆ ಹತ್ತಿದರೆ ಮುಟ್ಟುವಾಗ ಊಟದ ಹೊತ್ತಾಗುತ್ತದೆ. ಅಲ್ಲಿ ಒಂದು ಗವಿ. ಗವಿಯ ಬಾಯಿಂದ ವರ್ಷವಿಡೀ ನೀರು ಹರಿದು ಬರುತ್ತದೆ. ಊರಿಗೆ ಊರೇ ಕುಡಿಯುವುದು ಅದನ್ನೇ. ಆ ದಿನ ಹುಡುಗನ ತಾಯಿಯೂ ತಮ್ಮ ನೀರನ್ನು ಬಾಯ್ತುಂಬ ಹೊಗಳಿದರು. ಇಡೀ ಗುಡ್ಡವೇ ಸೋಸಿ ಕೊಡುವ ನೀರು, ಲೋಟ ಖಾಲಿ ಇದೆಯೋ ತುಂಬಿದೆಯೋ ಅಂತ ಮುಟ್ಟಿ ನೋಡಿದರೇ ಗೊತ್ತಾಗೋದು, ಅಷ್ಟು ತಿಳಿ ಎಂದರು. ಯಜಮಾನರು ತಮ್ಮ ಗುಂಡಿಯನ್ನು ಹೊಗಳಿದರು, ಬೀಗಿತಿ ತಮ್ಮ ನೀರನ್ನು ಹೊಗಳಿದರು. ಒಂದೇ ಕೋಣೆಯಲ್ಲಿ, ಎದುರುಬದುರು ಕೂತು. ಇದನ್ನೂ ಅದನ್ನೂ ಸೇರಿಸಿ ನೋಡಬೇಕೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಮದುವೆಯಾಗಿ ಮೊದಲ ಮಳೆಗಾಲ. ಒಂದು ಬೆಳಗ್ಗೆ ಗುಬ್ಬಿ ಫೋನು ಮಾಡಿದಳು. ರಾತ್ರಿ ಜೋರು ಮಳೆ ಬಂದಿತ್ತಂತೆ. ಬೆಳಗ್ಗೆ ಗವಿಗೆ ಹೋಗಿ ಕೊಡ ಬಗ್ಗಿಸಿದರೆ ನೀರಿನಿಂದ ಮನೆಯ ವಾಸನೆ ಬಂತಂತೆ.

"ನಿನ್ನ ಸೋಪಿನ ವಾಸನೆ ಅಪ್ಪ. ಕಣ್ಣು ಮುಚ್ಚಿಕೊಂಡರೆ ನಮ್ಮ ಹಿತ್ತಲಲ್ಲೇ ನಿಂತ ಹಾಗಿತ್ತು."

ಸೋಪಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳಿಗೆ ತವರಿನ ನೆನಪು ಕಾಡುತ್ತಿದೆ ಎಂದುಕೊಂಡರು. ಯಜಮಾನರಿಗೆ ಒಳಗೊಳಗೇ ಹಿಗ್ಗು. ಅಲ್ಲಿ ಅತ್ತೆಯ ಮನೆಯಲ್ಲಂತೂ ಅದೇ ಒಂದು ತಮಾಷೆಯಾಯಿತು. ಗುಬ್ಬಿ ಎಲ್ಲಿ ಮೂಗಿಟ್ಟರೂ ಅವಳಪ್ಪನ ಅಂಗಡಿಯೇ ಕಾಣುತ್ತೆ ಅಂತ ಗಂಡ ಛೇಡಿಸಿದ. ಮುಂದಿನ ಮಳೆಗೆ ಗವಿಯ ಬಾಯಲ್ಲಿ ಬಿಳಿ ನೊರೆ ಕೂಡಿತು. ಮಕ್ಕಳು ಅದನ್ನು ಗಡ್ಡ ಮಾಡಿಕೊಂಡು ಆಡಿದರು. ಅದನ್ನೂ ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಗುಬ್ಬಿಯೂ ಮತ್ತೆ ವಾಸನೆಯ ಸುದ್ದಿ ಎತ್ತಲಿಲ್ಲ. ಎಷ್ಟು ಸಲ ನಗೆಪಾಟಲಾಗುವುದು.

ಗುಬ್ಬಿಗೆ ಹೆಣ್ಣು ಕೂಸಾಯಿತು. ಪಕ್ಕದ ಮನೆಯ ಬಡಗಿಯ ಹೆಂಡತಿಗೂ ಅದೇ ತಿಂಗಳು ಗಂಡು ಕೂಸು. ಬಡಗಿ ಒಂದೇ ಮರದಲ್ಲಿ ಎರಡು ತೊಟ್ಟಿಲು ಮಾಡಿದ. ಒಂದನ್ನು ತಾನಿಟ್ಟುಕೊಂಡ, ಒಂದನ್ನು ಗುಬ್ಬಿಗೆ ಕೊಟ್ಟ.

ಕೂಸುಗಳು ಎದೆಹಾಲಿನ ಜೊತೆ ಒಂದೊಂದು ಚಮಚ ನೀರು, ಮೆತ್ತಗಿನ ಊಟ ಶುರು ಮಾಡಿದ ಹೊತ್ತಿಗೆ ಮತ್ತೆ ಮಳೆಗಾಲ ಬಂತು. ಮೊದಲ ದೊಡ್ಡ ಮಳೆಯ ಹಿಂದೆಯೇ ಊರಲ್ಲಿ ವಾಂತಿ ಭೇದಿ ಶುರುವಾಯಿತು. ದೊಡ್ಡವರು ಹೇಗೋ ತಡೆದುಕೊಂಡರು. ಕೂಸುಗಳು ತಡೆದುಕೊಳ್ಳಲಿಲ್ಲ. ಗುಬ್ಬಿಯ ಮಗಳ ಕಣ್ಣು ಗುಳಿಬಿದ್ದು, ಅತ್ತರೆ ಕಣ್ಣೀರೂ ಬಾರದಂತಾಯಿತು. ಎರಡೂ ಕೂಸುಗಳನ್ನು ಒಂದೇ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರು. ವಾಪಸು ಬಂದದ್ದು ಒಂದೇ.

ಸುದ್ದಿ ಕೇಳಿದ ಸೋಪಿನಮ್ಮ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಮೊಮ್ಮಗಳ ಕೈಗೆ ಸೂಜಿ ಚುಚ್ಚಿ ನೀರು ಬಿಟ್ಟಿದ್ದರು. ಅವಳು ಚೇತರಿಸಿಕೊಳ್ಳುವ ತನಕ ಅಲ್ಲೇ ಇದ್ದು, ಮಗಳ ಮನೆಗೆ ಕರೆತಂದರು. ಬಡಗಿಯ ಮನೆಯ ಬಾಗಿಲು ಹಗಲಲ್ಲೂ ಹಾಕಿತ್ತು. ಬೀಗಿತಿ ಕಣ್ಣೀರು ಹಾಕಿಕೊಂಡು, ಯಾರ ದೃಷ್ಟಿ ತಾಗಿತೋ ಎಂದರು. ನೀರಿನ ಮಾತು ಬಂದಾಗ ಮಾತ್ರ ಒಪ್ಪಲಿಲ್ಲ. ತಾತ ಮುತ್ತಾತ ಕುಡಿದು ಬೆಳೆದ ನೀರು, ಅದರಲ್ಲಿ ಏನಿರುತ್ತೆ ಎಂದರು. ಬಸ್ಸಿಗೆ ಹೊರಟ ಸೋಪಿನಮ್ಮನ ಕೈಗೆ ಒಂದು ಲೋಟ ನೀರು ಕೊಟ್ಟರು.

ಸೋಪಿನಮ್ಮ ಲೋಟ ತುಟಿಯ ಹತ್ತಿರ ತಂದರು. ಕುಡಿಯಲಿಲ್ಲ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಹೊರಗೆ ಬಂದು ಚೆಲ್ಲಿದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಂಡನಿಗೆ ಹೇಳಿದರು.

"ಗುಬ್ಬಿಗೆ ನೆನಪು ಕಾಡಿದ್ದಲ್ಲ ರೀ. ಆ ನೀರು ನಮ್ಮನೆದು."

ಯಜಮಾನರು ಸೋಪು ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ. ನನ್ನ ಕೈ ಹಿಡಿದ ದಿನದಿಂದ ನಿನ್ನ ಮೂಗಲ್ಲೇ ಸೋಪಿದೆ, ನೀನು ಯಾವ ನೀರು ಮೂಸಿದರೂ ಅದೇ ಎಂದರು. ಆದರೆ ಆ ಅಚ್ಚಿನ ತುಂಡುಗಳು ಒಂದೂ ನೆಟ್ಟಗೆ ಬರಲಿಲ್ಲ.

ಊರಿನ ನರ್ಸಮ್ಮನಿಗೆ ಈ ಮನೆ ಹೊಸದಲ್ಲ. ಗುಬ್ಬಿಗೆ ಚುಚ್ಚುಮದ್ದು ಹಾಕಿದ್ದೇ ಅವರು. ಆಚೆ ಊರಿನ ಭೇದಿಯ ಸುದ್ದಿ ಅವರಿಗೆ ದೊಡ್ಡಾಸ್ಪತ್ರೆಯ ಸಭೆಯಲ್ಲಿ ತಿಳಿದಿತ್ತು. ಸೋಪಿನಮ್ಮ ಹೇಳಿಕಳಿಸಿದ್ದೇ ತಡ ಹಿತ್ತಲಿಗೆ ಬಂದರು. ಯಜಮಾನರು ಅವರಿಗೆ ಕುರ್ಚಿ ಕೊಟ್ಟರು. ಅವರು ಕೇಳುವ ಮೊದಲೇ ತಾವಾಗಿಯೇ ಶುರು ಮಾಡಿದರು. ನಮ್ಮೂರ ಹಳ್ಳ ಹರಿಯೋದು ಮೂಡಣಕ್ಕೆ. ಮಗಳ ಊರು ಇರೋದು ಪಡುವಣಕ್ಕೆ. ನೀರೇನು ಬಸ್ಸು ಹತ್ತಿ ಗುಡ್ಡ ಸುತ್ತಿ ಹೋಗುತ್ತಾ ಎಂದು ಕೇಳಿದರು.

ನರ್ಸಮ್ಮ ನಗಲಿಲ್ಲ. ನೆಲದ ಮೇಲೆ ಹರಿಯುವ ನೀರು ಇಳಿಜಾರು ನೋಡುತ್ತೆ, ನೆಲದ ಒಳಗೆ ಹೋದ ನೀರು ಬಿರುಕು ಹೋದ ಕಡೆ ಹೋಗುತ್ತೆ, ಮೇಲಿನ ದಿಕ್ಕಿಗೂ ಒಳಗಿನ ದಿಕ್ಕಿಗೂ ಸಂಬಂಧ ಇರಲೇಬೇಕು ಅಂತಿಲ್ಲ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಈ ಊರ ನೀರಲ್ಲಿ ಸೋಪಿಗೆ ಯಾಕೆ ಸರಿಯಾಗಿ ನೊರೆ ಬರಲ್ಲ ಯಜಮಾನ್ರೇ?

ಅದು ಯಜಮಾನರಿಗೆ ಬಾಯಿಪಾಠ. ಗಡಸು ನೀರು, ಒಳಗೆ ಸುಣ್ಣ ಕರಗಿದೆ ಎಂದರು. ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತೆ ಎಂದೂ ಸೇರಿಸಿದರು.

"ಆ ಸುಣ್ಣ ಎಲ್ಲಿಂದ ಬಂತು?"

"ಕಲ್ಲಿಂದ."

"ಕರಗಿ ಹೋದ ಕಲ್ಲಿನ ಜಾಗದಲ್ಲಿ ಈಗ ಏನಿದೆ?"

ಯಜಮಾನರು ಇಷ್ಟು ವರ್ಷ ಪಾತ್ರೆಯ ತಳದಿಂದ ಹಕ್ಕಳೆ ಕೆರೆದಿದ್ದರು. ಆ ಕಲ್ಲು ಬಿಟ್ಟು ಬಂದ ಜಾಗದಲ್ಲಿ ಏನಿರಬಹುದು ಎಂದು ಯೋಚಿಸಿರಲಿಲ್ಲ. ನರ್ಸಮ್ಮನೇ ಹೇಳಿದರು. ಮಳೆ ನೀರು ಸುಣ್ಣದ ಕಲ್ಲನ್ನು ತಿಂದು ತಿಂದು ಬಿರುಕು ಮಾಡುತ್ತೆ, ಬಿರುಕು ದೊಡ್ಡದಾಗಿ ಕಾಲುವೆ ಆಗುತ್ತೆ, ಕಾಲುವೆ ದೊಡ್ಡದಾಗಿ ಗವಿ ಆಗುತ್ತೆ. ಈ ಗುಡ್ಡ ಹೊರಗೆ ಗಟ್ಟಿ, ಒಳಗೆ ಗೆದ್ದಲು ತಿಂದ ಮರ. ನಮ್ಮ ಕಾಲ ಕೆಳಗೇ ಹೊಳೆ ಹರಿಯುತ್ತಿರಬಹುದು.

ಇರಲಿ, ಹೋಗುತ್ತೆ ಅಂತಲೇ ಇಟ್ಟುಕೊಳ್ಳೋಣ ಎಂದರು ಯಜಮಾನರು. ಅಷ್ಟು ದಪ್ಪ ಗುಡ್ಡ ದಾಟಿ ಹೋಗುವಷ್ಟರಲ್ಲಿ ಸೋಸಿ ಶುದ್ಧ ಆಗಲ್ವಾ? ಬೀಗಿತಿ ಅಂದಿದ್ದೂ ಅದೇ ಅಲ್ವಾ?

ಸೂರಿನ ಕೆಳಗೆ ಎಣ್ಣೆ ಸೋಸುವ ಬಟ್ಟೆಯನ್ನು ಹಗ್ಗಕ್ಕೆ ಹರವಿದ್ದರು. ನರ್ಸಮ್ಮ ಎದ್ದು ಹೋಗಿ ಅದರ ಅಂಚು ಹಿಡಿದರು.

"ಇದು ನಡುವೆ ಹರಿದಿದ್ರೆ ಎಣ್ಣೆ ಎಲ್ಲಿಂದ ಇಳಿಯುತ್ತೆ?"

"ಹರಿದ ಕಡೆಯಿಂದ."

"ಆಗ ಬಟ್ಟೆ ಎಷ್ಟು ದಪ್ಪ ಇದ್ರೆ ಏನು ಬಂತು ಯಜಮಾನ್ರೇ?"

ಮಣ್ಣು, ಮರಳು ಇದ್ದ ಕಡೆ ನೀರು ನಿಧಾನವಾಗಿ ಇಂಗುತ್ತೆ, ಆಗ ಒಂದಷ್ಟು ಕೊಳೆ, ಒಂದಷ್ಟು ರೋಗಾಣು ಅಲ್ಲೇ ಉಳಿಯುತ್ತೆ ಎಂದು ನರ್ಸಮ್ಮ ಬಿಡಿಸಿ ಹೇಳಿದರು. ಬಂಡೆಯ ಬಿರುಕು ಹಾಗಲ್ಲ. ಅದು ಪೈಪು. ಇಲ್ಲಿ ಬಿಟ್ಟದ್ದು ಬಿಟ್ಟ ಹಾಗೇ ಅಲ್ಲಿ ಬರುತ್ತೆ. ಮಳೆ ಬಂದರೆ ಇನ್ನೂ ಬೇಗ. ತಿಳಿಯಾಗಿದೆ ಅಂದ ಮಾತ್ರಕ್ಕೆ ಒಳ್ಳೆಯ ನೀರಲ್ಲ, ರೋಗಾಣು ಕಣ್ಣಿಗೆ ಕಾಣಲ್ಲ. ನಿಮ್ಮ ಸೋಪಿಗೆ ವಾಸನೆ ಇದ್ದದ್ದಕ್ಕೆ ಗುಬ್ಬಿಗೆ ಗೊತ್ತಾಯಿತು. ಜೊತೆಗೆ ಹೋದದ್ದಕ್ಕೆ ವಾಸನೆ ಇರಲಿಲ್ಲ ಎಂದರು. ಜೊತೆಗೆ ಹೋದದ್ದು ಏನು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಯಜಮಾನರು ಆ ದಿನ ಒಪ್ಪಲಿಲ್ಲ. ಅವರು ಕೆಟ್ಟವರಲ್ಲ. ಒಪ್ಪಿಕೊಂಡರೆ ಅದರ ಹಿಂದೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕಿತ್ತು. ಒಂದು ಗಾಡಿಯಲ್ಲಿ ಹೋದ ಎರಡು ಕೂಸುಗಳು ಅವರ ಕಣ್ಣ ಮುಂದೆಯೇ ಇದ್ದವು.

ಆದರೆ ಅವರು ಪದಾರ್ಥವನ್ನು ಕೈಯಲ್ಲಿ ಹಿಡಿದು, ಮೂಸಿ, ನಾಲಿಗೆಗೆ ತಾಗಿಸಿ ನೋಡಿಯೇ ನಂಬುವ ಮನುಷ್ಯ. ಊರಿನ ಹಲ್ಲಿನ ಡಾಕ್ಟರು ಒಮ್ಮೆ ಲವಂಗದ ಸೋಪು ಬೇಕೆಂದು ಕೇಳಿದ್ದರು. ಅದಕ್ಕೆಂದು ತರಿಸಿದ ಲವಂಗದ ಎಣ್ಣೆಯ ಬಾಟಲಿ ಕಪಾಟಿನಲ್ಲಿತ್ತು. ಯಜಮಾನರು ಯಾರಿಗೂ ಹೇಳದೆ ಒಂದು ಕೊಪ್ಪರಿಗೆ ಲವಂಗದ ಸೋಪು ಕಾಯಿಸಿದರು. ಮೋಡ ಕಟ್ಟಿದ ಒಂದು ಮಧ್ಯಾಹ್ನ ಕೊಪ್ಪರಿಗೆ ತೊಳೆದು, ಆ ನೀರಿನ ಜೊತೆ ಬಾಟಲಿಯಲ್ಲಿ ಉಳಿದ ಎಣ್ಣೆಯನ್ನೂ ಗುಂಡಿಗೆ ಸುರಿದರು. ಸಂಜೆ ಮಳೆ ಹಿಡಿಯಿತು. ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಮರುದಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಚಿಲ್ಲರೆ ತಪ್ಪು ಕೊಟ್ಟರು. ಫೋನನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡೇ ಕೂತರು.

ಅದರ ಮಾರನೇ ದಿನ ಬೆಳಗ್ಗೆ ಫೋನು ಬಂತು. ಗುಬ್ಬಿ ಮೊದಲು ಕೂಸಿನ ಸುದ್ದಿ ಹೇಳಿದಳು. ನಗುತ್ತಿದ್ದಾಳೆ, ಹಾಲು ಕುಡಿಯುತ್ತಿದ್ದಾಳೆ. ಆಸ್ಪತ್ರೆಯವರು ಬಂದು ಬೇಡ ಅಂದ ಮೇಲೆ ಗವಿಯ ನೀರನ್ನು ಯಾರೂ ಬಾಯಿಗೆ ಹಾಕುತ್ತಿಲ್ಲ, ಟ್ಯಾಂಕರಿನ ನೀರನ್ನು ಕುದಿಸಿ ಆರಿಸಿ ಕುಡಿಯುತ್ತಿದ್ದೇವೆ, ಗವಿಯ ನೀರು ನೆಲ ಒರೆಸುವುದಕ್ಕೆ ಮಾತ್ರ ಎಂದಳು. ಆಮೇಲೆ ಸ್ವಲ್ಪ ಹಿಂಜರಿದಳು. ಮತ್ತೆ ನಗುತ್ತಾರೇನೋ ಎಂಬ ಅಳುಕು.

"ಅಪ್ಪ, ಇವತ್ತು ನೀರಿಂದ ಹಲ್ಲುನೋವಿನ ವಾಸನೆ ಬರ್ತಿದೆ."

ಗುಬ್ಬಿಗೆ ಚಿಕ್ಕಂದಿನಲ್ಲಿ ಹಲ್ಲುನೋವು ಬಂದಾಗಲೆಲ್ಲ ಯಜಮಾನರು ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ಅವಳ ಹಲ್ಲಿಗೆ ಒತ್ತುತ್ತಿದ್ದರು. ಅವಳು ತೊಡೆಯ ಮೇಲೇ ನಿದ್ದೆ ಹೋಗುವ ತನಕ ಒತ್ತಿ ಹಿಡಿದಿರುತ್ತಿದ್ದರು. ಆ ವಾಸನೆಗೆ ಅವಳು ಕೊಟ್ಟಿದ್ದ ಹೆಸರು ಅದು.

ಅಪ್ಪ, ಅಪ್ಪ, ಇದೀಯಾ ಎಂದು ಗುಬ್ಬಿ ಕೇಳುತ್ತಲೇ ಇದ್ದಳು. ಸೋಪಿನಮ್ಮ ಬಂದು ಅವರ ಕೈಯಿಂದ ಫೋನು ತೆಗೆದುಕೊಂಡರು.

ವಿಷಯ ತಿಳಿದ ನರ್ಸಮ್ಮ ಮೊದಲು ಬೈದರು. ಜನ ಬಳಸೋ ನೀರಿಗೆ ಹೀಗೆ ಏನೇನೋ ಸುರಿದು ನೋಡಬಾರದು ಯಜಮಾನ್ರೇ, ಇಲಾಖೆಗೆ ತಿಳಿಸಿದರೆ ಅಪಾಯವಿಲ್ಲದ ಬಣ್ಣ ಹಾಕಿ ಅವರೇ ಪತ್ತೆ ಮಾಡುತ್ತಾರೆ ಎಂದರು. ಬೈದು ಮುಗಿಸಿ ಅವರ ಪಕ್ಕದಲ್ಲಿ ಕೂತರು. ಯಜಮಾನರು ಒಂದೇ ಮಾತು ಕೇಳಿದರು. ಬಡಗಿಯ ಕೂಸು ನನ್ನಿಂದ ಹೋಯಿತಾ? ಗೊತ್ತಿಲ್ಲ ಎಂದರು ನರ್ಸಮ್ಮ. ಗುಡ್ಡದ ಮೇಲೆ ಎಷ್ಟೋ ಮನೆಗಳ ಗುಂಡಿ ಹೀಗೇ ಇದೆ, ಸತ್ತ ಕರು ನಾಯಿಗಳನ್ನು ಎಸೆಯುವ ಬಾವಿಯಂಥ ಕುಸಿದ ಹಳ್ಳವೂ ಇದೆ, ಯಾರದೆಂದು ಯಾರೂ ಹೇಳಲಾರರು. ಹಾಗೆಂದು ಯಾರದೂ ಅಲ್ಲ ಅನ್ನಲೂ ಆಗದು ಎಂದರು.

ಯಜಮಾನರು ಬಸ್ಸು ಹತ್ತಿದರು. ಮಗಳ ಮನೆಯಲ್ಲಿ ಬೀಗಿತಿಯ ಮುಂದೆ ಎಲ್ಲವನ್ನೂ ಹೇಳಿದರು. ಅವರು, ಮುಟ್ಟಿ ನೋಡಿದರೇ ಗೊತ್ತಾಗೋ ನೀರು ಅಂತ ನಾನೇ ಹೇಳಿದ್ದೆ ಎಂದಷ್ಟೇ ಅಂದು ಒಳಗೆ ಹೋದರು. ಆಮೇಲೆ ಯಜಮಾನರು ಪಕ್ಕದ ಮನೆಗೆ ಹೋದರು. ಗುಬ್ಬಿ ಬರುತ್ತೇನೆಂದಳು. ಬೇಡವೆಂದರು.

ಬಡಗಿ ಕಿಟಕಿಯ ಚೌಕಟ್ಟಿಗೆ ತೋಪಡ ಹೊಡೆದು ನಯ ಮಾಡುತ್ತಿದ್ದ. ಮೂಲೆಯಲ್ಲಿ ತೊಟ್ಟಿಲು ಗೋಡೆಯ ಕಡೆ ತಿರುಗಿ ನಿಂತಿತ್ತು. ಯಜಮಾನರು ನಿಂತೇ ಹೇಳಿದರು. ಗುಂಡಿಯ ವಿಷಯ, ಬಿರುಕಿನ ವಿಷಯ, ಲವಂಗದ ವಿಷಯ. ಬಡಗಿ ಕೈ ನಿಲ್ಲಿಸಲಿಲ್ಲ. ಕಡೆಗೆ, ಇಡೀ ಗುಡ್ಡದ ಮೇಲೆ ನಿಮ್ಮದೊಂದೇನಾ ಗುಂಡಿ ಎಂದು ಕೇಳಿದ.

"ಅಲ್ಲ. ಯಾರ್ಯಾರದಿದೆಯೋ ಗೊತ್ತಿಲ್ಲ. ನನ್ನದಿದೆ ಅನ್ನೋದು ಗೊತ್ತು."

ತೋಪಡ ನಿಂತಿತು. ಬಡಗಿ ಮರದ ಹೊಟ್ಟನ್ನು ಅಂಗೈಯಿಂದ ಒರೆಸಿದ, ಒಂದು ಸಲ, ಮತ್ತೊಂದು ಸಲ. ಮುಖ ನೋಡಲಿಲ್ಲ.

"ಹಾಗಾದ್ರೆ ಮುಚ್ಚಿ. ಮುಚ್ಚಿದ ಮೇಲೆ ಬಂದು ಹೇಳಿ. ಅಲ್ಲೀವರೆಗೆ ನನ್ನ ಹತ್ತಿರ ಏನೂ ಹೇಳಬೇಡಿ."

ಮುಚ್ಚುವುದು ಸುಲಭವಾಗಿರಲಿಲ್ಲ. ಯಜಮಾನರು ಪಂಚಾಯಿತಿಯ ಇಂಜಿನಿಯರನ್ನು ಕರೆಸಿದರು. ಹಳೆಯ ಗುಂಡಿಯನ್ನು ಖಾಲಿ ಮಾಡಿಸಿ, ತಳ ತೊಳೆಸಿ, ಬಿರುಕಿಗೆ ಕಲ್ಲು, ಜೇಡಿಮಣ್ಣು ಗಿಡಿದು ಮೇಲೆ ಕಾಂಕ್ರೀಟು ಹಾಕಿಸಿದರು. ದೂರದಲ್ಲಿ ಹೊಸ ಟ್ಯಾಂಕು ಕಟ್ಟಿಸಿದರು. ತಳಕ್ಕೂ ಗೋಡೆಗೂ ಗಿಲಾವು, ಹನಿ ಸೋರದಂತೆ. ನೀರು ತುಂಬಿಸಿ, ಕೆಲವು ದಿನ ಬಿಟ್ಟು, ಮಟ್ಟ ಇಳಿಯಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಪೈಪು ಸೇರಿಸಿದರು. ಬಡಗಿಗೆ ಮಾತ್ರ ಈ ಟ್ಯಾಂಕು ತುಂಬಿದ ಮೇಲೆಯೇ ಹೇಳುವುದು ಎಂದುಕೊಂಡರು. ಕೊಪ್ಪರಿಗೆ ತೊಳೆದ ನೀರನ್ನು ಪೀಪಾಯಿಯಲ್ಲಿ ಹಿಡಿದಿಟ್ಟು ಮುಂದಿನ ಸಲ ಸೋಪು ಕಾಯಿಸುವಾಗ ಅದನ್ನೇ ಹಾಕಿದರು. ಇದನ್ನು ಮೊದಲೇ ಮಾಡಿದ್ದರೆ ಎಷ್ಟು ಸಾಮಾನು ಉಳಿಯುತ್ತಿತ್ತು ಎಂದು ಸೋಪಿನಮ್ಮ ಗೊಣಗಿದರು.

ಅಡ್ಡಗಾಲು ಹಾಕಿದ್ದು ಬೇಕರಿಯವರು. ಅವರ ಪೈಪು ಈಗ ಎಲ್ಲಿಗೂ ಸೇರಿರಲಿಲ್ಲ. ಆಚೆ ಊರಿನವರಿಗೋಸ್ಕರ ನಾವು ಯಾಕೆ ಹೊಸ ಟ್ಯಾಂಕು ಕಟ್ಟಬೇಕು, ನಿಮಗಾದರೆ ಮಗಳು ಅಲ್ಲಿದ್ದಾಳೆ ಎಂದು ಬೇಕರಿಯ ಯಜಮಾನಿ ಸ್ವಸಹಾಯ ಸಂಘದ ಸಭೆಯಲ್ಲಿ ಎಲ್ಲರ ಮುಂದೆ ಅಂದರು. ಇನ್ನೂ ಕೆಲವರು ತಲೆಯಾಡಿಸಿದರು. ಸೋಪಿನಮ್ಮ ಸಭೆಯಲ್ಲಿ ಯಾವತ್ತೂ ಬಾಯಿ ತೆರೆದವರಲ್ಲ. ಅವತ್ತು ಎದ್ದು ನಿಂತರು.

"ಹೌದು ಕಣಕ್ಕ, ನನ್ನ ಮಗಳು ಅಲ್ಲಿದ್ದಾಳೆ. ನಿನ್ನ ಮಕ್ಕಳು ಇಲ್ಲಿದ್ದಾರೆ. ಇಲ್ಲಿಯ ನಲ್ಲಿಗೆ ನೀರು ಬರೋದು ಮೇಲಿನ ಒರತೆಯಿಂದ. ಒರತೆಯ ಮೇಲೆ ಇನ್ನೊಂದು ಗುಡ್ಡ ಇದೆ. ಅದರ ಮೇಲೆ ಯಾರ ಗುಂಡಿ ತುಂಬ್ತಿಲ್ಲವೋ, ನಿನಗೆ ಗೊತ್ತಾ?"

ಒಂದು ಮೂಲೆಯಲ್ಲಿ ಯಾರೋ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಆ ವಾರವೇ ನರ್ಸಮ್ಮ ತಮ್ಮೂರಿನ ನಲ್ಲಿಯ ನೀರನ್ನೂ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಸಮಾಧಾನ ಕೊಡುವಂತಿರಲಿಲ್ಲ. ಬೇಕರಿಯವರು ಎರಡನೇ ಮಾತಾಡದೆ ಮೇಸ್ತ್ರಿಗೆ ಹೇಳಿಕಳಿಸಿದರು. ಹಾರೆ ಕಳೆದುಕೊಂಡಿದ್ದ ಅದೇ ಮೇಸ್ತ್ರಿ. ಈ ಸಲ ಅವನು ಬಿರುಕು ಕಂಡ ಕಡೆ ನಗಲಿಲ್ಲ. ಮೇಲಕ್ಕೆ ಬಂದು, ಇಲ್ಲಿ ಬೇಡ, ಬೇರೆ ಕಡೆ ತೋಡೋಣ ಎಂದ. ಸತ್ತ ಪ್ರಾಣಿಗಳನ್ನು ಎಸೆಯುತ್ತಿದ್ದ ಕುಸಿದ ಹಳ್ಳದ ಸುತ್ತ ಊರಿನವರೇ ಬೇಲಿ ಹಾಕಿದರು.

ಮತ್ತೊಂದು ಮಳೆಗಾಲ ಬಂದು ಹೋಯಿತು. ಗವಿಯ ಬಾಯಲ್ಲಿ ನೊರೆ ಕಾಣಲಿಲ್ಲ. ಆದರೂ ಕೆಳಗಿನ ಊರಿನವರು ನೀರನ್ನು ಪರೀಕ್ಷೆ ಮಾಡಿಸುವುದನ್ನೂ ಕುದಿಸುವುದನ್ನೂ ಬಿಟ್ಟಿಲ್ಲ. ಗುಡ್ಡ ದೊಡ್ಡದು, ಎಲ್ಲರ ಗುಂಡಿ ಇನ್ನೂ ಸರಿಯಾಗಿಲ್ಲ.

ಒಂದು ಬೆಳಗ್ಗೆ ಯಜಮಾನರು ಹಿತ್ತಲಿಗೆ ಹೋಗಿ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದರು. ಒಳಗೆ ಹೋಗಿ ಹೆಂಡತಿಯನ್ನು ಕರೆದು ತೋರಿಸಿದರು. ಇಬ್ಬರೂ ಮೂಗು ಮುಚ್ಚಿಕೊಂಡು ಬಗ್ಗಿ ನೋಡುತ್ತ ನಿಂತದ್ದನ್ನು ಕಂಡು ಬೇಕರಿಯವರು ಏನಾಯಿತೋ ಎಂದು ಓಡಿ ಬಂದರು. ಯಜಮಾನರು ಗಾಡಿಯವನಿಗೆ ಫೋನು ಮಾಡಿದರು, ಆಮೇಲೆ ಮಗಳಿಗೆ.

"ಗುಬ್ಬಿ, ನಮ್ಮ ಗುಂಡಿ ತುಂಬಿದೆ."

ಆ ಕಡೆ ಗುಬ್ಬಿಯ ಹಿಂದೆ ಕೂಸು ಏನೋ ಉಲಿಯುತ್ತಿತ್ತು. ನೀರಿಗೆ ಈಗ ಯಾವ ವಾಸನೆಯೂ ಇಲ್ಲ ಅಪ್ಪ ಎಂದಳು. ಬಡಗಿ ಅಣ್ಣನಿಗೆ ಹೇಳಲಾ ಎಂದು ಕೇಳಿದಳು.

"ಬೇಡಮ್ಮ. ನಾನೇ ಬಂದು ಹೇಳ್ತೀನಿ."

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಲ್ಲೂ ಸುಣ್ಣದ ಕಲ್ಲಿನ ಗುಡ್ಡ ಇರಬಹುದು. ಮಳೆ ನೀರನ್ನು ನುಂಗುವ ಬಿರುಕು, ಇದ್ದಕ್ಕಿದ್ದಂತೆ ಕುಸಿದ ಹಳ್ಳ, ಗವಿಯಿಂದ ಹೊರಡುವ ಒರತೆ ಇರಬಹುದು. ಆ ಬಿರುಕಿಗೆ, ಆ ಹಳ್ಳಕ್ಕೆ ಪಾಯಿಖಾನೆಯ ಪೈಪು ಬಿಡಬೇಡಿ. ಕಸ, ಎಣ್ಣೆ, ಔಷಧಿ, ಸತ್ತ ಪ್ರಾಣಿ ಏನನ್ನೂ ಹಾಕಬೇಡಿ. ಅಲ್ಲಿ ಹಾಕಿದ್ದು ಮಾಯವಾಗುವುದಿಲ್ಲ, ಯಾರದೋ ಮನೆಯ ಕೊಡಕ್ಕೆ ಹೋಗಿ ಸೇರುತ್ತದೆ. ಒರತೆಯ ನೀರು ಎಷ್ಟೇ ತಿಳಿಯಾಗಿದ್ದರೂ ಪರೀಕ್ಷೆ ಮಾಡಿಸಿ. ಕುಡಿಯುವ ನೀರನ್ನು ಕೊತಕೊತ ಕುದಿಸಿ, ಮಳೆ ಬಂದ ದಿನಗಳಲ್ಲಂತೂ ಮರೆಯಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ಸೋಪು, ಎಣ್ಣೆ, ವಿಷ ಹೋಗುವುದಿಲ್ಲ. ಆದ್ದರಿಂದ ನೀರಿಗೆ ವಾಸನೆಯೋ ನೊರೆಯೋ ಬಂದರೆ ಕುಡಿಯುವುದನ್ನು ನಿಲ್ಲಿಸಿ, ನಿಮ್ಮ ಊರಿನ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ. ಹೇಳಿದವರನ್ನು ನೋಡಿ ನಗಬೇಡಿ. ಕೂಸಿಗೆ ಭೇದಿಯಾದರೆ ಎದೆಹಾಲು ನಿಲ್ಲಿಸದೆ, ಓಆರ್‌ಎಸ್ ಕುಡಿಸುತ್ತ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಈಗ ಎದ್ದು ಒಮ್ಮೆ ನಿಮ್ಮ ಹಿತ್ತಲಿಗೆ ಹೋಗಿ ಬನ್ನಿ. ಗುಂಡಿ ತುಂಬುತ್ತಿದ್ದರೆ ಬೇಸರ ಬೇಡ, ಗಾಡಿಯವನನ್ನು ಕರೆಸಿ. ಎಷ್ಟು ವರ್ಷವಾದರೂ ತುಂಬದಿದ್ದರೆ ಹಿಗ್ಗಬೇಡಿ. ಅದು ಯಾರ ಮನೆಗೆ ಹೋಗುತ್ತಿದೆ ಎಂದು ಇವತ್ತೇ ಕೇಳಿ.